ಕಣ್ಣು ಓಡಿದರೆ ಎದೆ ಹಗುರಾಗುತ್ತದಂತೆ!

ಎರಡು ಬೆರಳು, ಅಷ್ಟೇ! ಪಕ್ಕದಲ್ಲಿ ಕೂತ ಚಿಕಿತ್ಸಕರು ತೋರುಬೆರಳನ್ನೂ ನಡುಬೆರಳನ್ನೂ ಜೋಡಿಸಿ ನಿಮ್ಮ ಮುಖದ ಮುಂದೆ ಎಡಕ್ಕೂ ಬಲಕ್ಕೂ ಆಡಿಸುತ್ತಾರೆ. ನೀವು ತಲೆ ಅಲ್ಲಾಡಿಸದೆ ಬರೀ ಕಣ್ಣಿನಿಂದ ಆ ಬೆರಳುಗಳ ಬೆನ್ನು ಹತ್ತುತ್ತೀರಿ. ಒಳಗೆ, ಅದೇ ಹೊತ್ತಿಗೆ, ನಿಮ್ಮ ಬದುಕಿನ ಅತಿ ಕೆಟ್ಟ ಗಳಿಗೆಯನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡಿರುತ್ತೀರಿ. ಅರ್ಧ ನಿಮಿಷ. ನಿಲ್ಲಿಸಿ, ಉಸಿರು ಬಿಡಿ. ಮತ್ತೆ ಅರ್ಧ ನಿಮಿಷ. ಗಂಟೆ, ಒಂದೂವರೆ ಗಂಟೆ ಹೀಗೇ ನಡೆದು, ಇಂಥ ಕೆಲವು ಭೇಟಿಗಳು ಮುಗಿಯುವಷ್ಟರಲ್ಲಿ, ವರ್ಷಗಟ್ಟಲೆ ನಿದ್ದೆ ಕೆಡಿಸಿದ್ದ ಚಿತ್ರ ಅನೇಕರಿಗೆ ಮಬ್ಬಾಗುತ್ತದೆ, ಚಿಕ್ಕದಾಗುತ್ತದೆ, ದೂರ ಸರಿಯುತ್ತದೆ. ನೆನಪು ಅಳಿಯುವುದಿಲ್ಲ. ಅದರ ಮುಳ್ಳು ಮಾತ್ರ ಮುರಿಯುತ್ತದೆ!

ಜಾತ್ರೆಯಲ್ಲಿ ತಾಯತ ಮಾರುವವರು ಕೂಡ ಇಷ್ಟು ದೊಡ್ಡ ಮಾತು ಆಡುವುದಿಲ್ಲ ಅನ್ನಿಸುತ್ತದಲ್ಲವೇ? ಆದರೆ ಈ ಚಿಕಿತ್ಸೆಗೆ ಬೆಂಬಲ ಕೊಟ್ಟದ್ದು ವಿಶ್ವ ಆರೋಗ್ಯ ಸಂಸ್ಥೆ. ಆಘಾತದ ನಂತರ ಬೇರು ಬಿಡುವ ಮಾನಸಿಕ ತೊಂದರೆಗಳಿಗೆ ಏನು ಮಾಡಬೇಕೆಂದು ಅದು 2013ರಲ್ಲಿ ಮಾರ್ಗಸೂಚಿ ಹೊರಡಿಸಿದಾಗ, ಮಕ್ಕಳಿಗೂ ದೊಡ್ಡವರಿಗೂ ಕೊಡಬಹುದೆಂದು ಹೆಸರಿಸಿದ ಚಿಕಿತ್ಸೆಗಳಲ್ಲಿ ಇದೂ ಒಂದು. ಬ್ರಿಟನ್ನಿನ ನೈಸ್ ಸಂಸ್ಥೆ 2018ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲೂ ಇದಕ್ಕೆ ಜಾಗವಿದೆ. ವೈದ್ಯರ ಬಾಯಲ್ಲಿ ಇದರ ಹೆಸರು ಇಎಂಡಿಆರ್. ಕಣ್ಣಿನ ಚಲನೆಯ ಚಿಕಿತ್ಸೆ ಎಂದರೆ ನಮಗೆ ಸಾಕು.

ಅದೇ 2013ರ ಕಾಗದದಲ್ಲಿ ಇನ್ನೊಂದು ಮಾತಿದೆ. ಅದನ್ನು ಓದಿ ನಾನು ಕುರ್ಚಿಯಿಂದ ಎದ್ದೇ ನಿಂತೆ. ಈ ಚಿಕಿತ್ಸೆಯಲ್ಲಿ ಆದದ್ದನ್ನು ಎಳೆಎಳೆಯಾಗಿ ವಿವರಿಸಬೇಕಿಲ್ಲ. ನಿಮ್ಮ ನಂಬಿಕೆ ತಪ್ಪೆಂದು ಯಾರೂ ನೇರವಾಗಿ ವಾದಕ್ಕೆ ಇಳಿಯುವುದಿಲ್ಲ. ಆ ಭಯದ ಎದುರು ಗಂಟೆಗಟ್ಟಲೆ ನಿಲ್ಲಿಸುವುದಿಲ್ಲ. ಮನೆಗೆ ಹೋಗಿ ಬರೆದುಕೊಂಡು ಬರುವ ಪಾಠವೂ ಇಲ್ಲ. ವಿವರ ಹೇಳಬೇಕಿಲ್ಲ! ನಮ್ಮ ಕಡೆಯ ಮನೆಗಳನ್ನು ಬಲ್ಲವರಿಗೆ ಇದು ಎಂಥ ಸುದ್ದಿ ಎಂದು ಬಿಡಿಸಿ ಹೇಳಬೇಕೇ? ಗಂಡನಿಗೆ ಹೇಳಲಾಗದ್ದು, ಅತ್ತೆಗೆ ಹೇಳಲಾಗದ್ದು, ಗಂಡಸಾಗಿ ಹುಟ್ಟಿ ಬಾಯಿಬಿಡಲು ನಾಚುವಂಥದ್ದು, ಹೇಳಿದರೆ ಓಣಿಯೆಲ್ಲ ಗುಲ್ಲಾಗುವಂಥದ್ದು ಎಷ್ಟು ಎದೆಗಳಲ್ಲಿ ಹಾಗೇ ಕೂತಿದೆಯೋ. ಅಂಥವರ ಮುಂದೆ ಕೂತು, ಹೇಳದಿದ್ದರೂ ನಡೆದೀತು, ಬರ್ರಿ ಅನ್ನುವ ಚಿಕಿತ್ಸೆಯೊಂದು ಈ ಭೂಮಿಯ ಮೇಲಿದೆ!

ಇದು ಯಾರಿಗೆ ಬೇಕಾದೀತು ಎಂದು ನೋಡಲು ಕಲಬುರಗಿ ಬಿಟ್ಟು ಹುಮನಾಬಾದ್ ರಸ್ತೆ ಹಿಡಿಯಿರಿ. ಕರಿ ಎರೆಯ ತೊಗರಿ ಹೊಲಗಳು ಹಿಂದೆ ಸರಿದಂತೆ ನೆಲ ನಿಧಾನವಾಗಿ ಕೆಂಪಾಗುತ್ತದೆ. 35-40 ಕಿಲೋಮೀಟರಿನ ಆಚೆ ಕಮಲಾಪುರ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಕೆಂಪು ಬಾಳೆಯ ಊರು, ಈಚೆಗೆ ತಾಲ್ಲೂಕಾದ ಊರು. ಬೀದರ್ ಕಡೆಯ ಲಾರಿ, ಹೈದರಾಬಾದಿಗೆ ಹೋಗುವ ಸ್ಲೀಪರ್ ಬಸ್ಸು, ಬಾಳೆಗೊನೆ ಹೇರಿಕೊಂಡ ಗಾಡಿ, ಮೂವರನ್ನು ಹೊತ್ತ ಬೈಕು ಎಲ್ಲಕ್ಕೂ ಇದೇ ದಾರಿ. 2022ರ ಜೂನ್ 3ರ ಬೆಳಗ್ಗೆ ಗೋವಾದಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಬಸ್ಸೊಂದು ಕಮಲಾಪುರದ ಹೊರವಲಯದಲ್ಲಿ ಸರಕು ವಾಹನಕ್ಕೆ ಡಿಕ್ಕಿ ಹೊಡೆದು ಹೊತ್ತಿಕೊಂಡಿತು. ಏಳು ಮಂದಿ ಸುಟ್ಟುಹೋದರು. ಏಳು ಎಂಬ ಅಂಕಿ ಪತ್ರಿಕೆಗಳಲ್ಲಿ ಬಂತು. ಆದರೆ ಇಂಥ ದಿನಗಳಲ್ಲಿ ಇನ್ನೊಂದು ಲೆಕ್ಕ ಇರುತ್ತದೆ, ಅದನ್ನು ಯಾರೂ ಬರೆದಿಡುವುದಿಲ್ಲ. ಉಳಿದು ಬಂದವರು, ಓಡಿ ಬಂದವರು, ಬೆಂಕಿ ಆರಿಸಿದವರು, ಆಂಬುಲೆನ್ಸ್ ಓಡಿಸಿದವರು, ದವಾಖಾನೆಯ ಬಾಗಿಲಲ್ಲಿ ಸ್ಟ್ರೆಚರ್ ಹಿಡಿದವರು.

ಅಂಜಿಕೆಗೂ ಈ ಭಾಗಕ್ಕೂ ಹಳೆಯ ಪರಿಚಯ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಗಡಿಯಾಚೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಕಲಬುರಗಿ, ಬೀದರ್‌ಗಳ ಮನೆಗಳೂ ಅಲ್ಲಾಡಿದವು. ಅದನ್ನು ಕಂಡ ತಲೆಮಾರು ಇನ್ನೂ ನಮ್ಮ ನಡುವೆ ಇದೆ. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ಸೀಮೆಯ ಗಡಿಕೇಶ್ವಾರದಲ್ಲಿ ನೆಲದೊಳಗಿಂದ ಗುಡುಗಿನ ಸದ್ದೆದ್ದು, 4ರ ಆಸುಪಾಸಿನ ತೀವ್ರತೆಯ ಕಂಪನಗಳು ಬಂದಾಗ ಜನ ಮನೆಯೊಳಗೆ ಮಲಗಲು ಹೆದರಿ ಬಯಲಲ್ಲಿ ರಾತ್ರಿ ಕಳೆದರು. ದೇಶದ ಮೊದಲ ಕೋವಿಡ್ ಸಾವು ದಾಖಲಾಗಿದ್ದೂ 2020ರ ಮಾರ್ಚ್‌ನಲ್ಲಿ, ಇದೇ ಕಲಬುರಗಿಯಲ್ಲಿ. ಆ ದಿನಗಳಲ್ಲಿ ನಗರದ ರಸ್ತೆಗಳ ಮೌನ ನೆನಪಿರುವವರಿಗೆ ನಾನು ಏನೂ ಹೇಳಬೇಕಿಲ್ಲ.

ಇಂಥದ್ದನ್ನು ಕಂಡ ಎಲ್ಲರಿಗೂ ಚಿಕಿತ್ಸೆ ಬೇಕೆಂದಲ್ಲ. ಬಹಳ ಜನ ತಮ್ಮವರ ನಡುವೆ, ತಮ್ಮ ಕೆಲಸದ ನಡುವೆ ತಾವೇ ಚೇತರಿಸಿಕೊಳ್ಳುತ್ತಾರೆ. ಮೊದಲ ಕೆಲವು ವಾರ ನಿದ್ದೆ ಕೆಡುವುದು, ಬೆಚ್ಚಿಬೀಳುವುದು ರೋಗವಲ್ಲ. ತಿಂಗಳು ಕಳೆದರೂ ಅದೇ ಚಿತ್ರ ಕರೆಯದೆ ಬಂದು ಕಣ್ಣ ಮುಂದೆ ನಿಂತರೆ, ಆ ದಾರಿ, ಆ ವಾಸನೆ, ಆ ಸದ್ದನ್ನು ತಪ್ಪಿಸಿಕೊಂಡೇ ದಿನ ಕಳೆಯುವಂತಾದರೆ, ಮೈ ಸದಾ ಕಾವಲು ಕಾಯುತ್ತಿದ್ದರೆ ಆಗ ವೈದ್ಯರು ಅದಕ್ಕೊಂದು ಹೆಸರು ಕೊಡುತ್ತಾರೆ. ಪಿಟಿಎಸ್‌ಡಿ ಎಂಬ ಆ ಹೆಸರು ಅಮೆರಿಕದ ಮನೋವೈದ್ಯರ ರೋಗಪಟ್ಟಿಗೆ ಸೇರಿದ್ದು 1980ರಲ್ಲಿ. ಅದಾಗಿ ಏಳೇ ವರ್ಷಕ್ಕೆ ಒಬ್ಬಾಕೆ ಒಂದು ಉದ್ಯಾನದಲ್ಲಿ ನಡೆದು ಹೋಗುತ್ತಿದ್ದಳು.

ಫ್ರಾನ್ಸಿನ್ ಶಪಿರೊ. ಇಂಗ್ಲಿಷ್ ಸಾಹಿತ್ಯ ಓದುತ್ತಿದ್ದವಳು, ಕ್ಯಾನ್ಸರ್ ಬಂದ ಮೇಲೆ ಮನಸ್ಸಿಗೂ ಮೈಗೂ ಇರುವ ನಂಟಿನ ಹಿಂದೆ ಬಿದ್ದು ಮನಶ್ಶಾಸ್ತ್ರಕ್ಕೆ ತಿರುಗಿದವಳು. 1987ರಲ್ಲಿ ಕ್ಯಾಲಿಫೋರ್ನಿಯಾದ ಉದ್ಯಾನವೊಂದರಲ್ಲಿ ನಡೆಯುತ್ತಿರುವಾಗ, ಕೊರೆಯುತ್ತಿದ್ದ ಯೋಚನೆಗಳು ಇದ್ದಕ್ಕಿದ್ದಂತೆ ಸಪ್ಪೆಯಾದದ್ದು ಅವಳ ಗಮನಕ್ಕೆ ಬಂತು. ಯಾಕೆ? ತನ್ನನ್ನೇ ಗಮನಿಸಿ ನೋಡಿದರೆ, ಆ ಯೋಚನೆ ಬಂದಾಗೆಲ್ಲ ಕಣ್ಣುಗುಡ್ಡೆ ತಾನಾಗಿ ಅತ್ತಿತ್ತ ಓಡುತ್ತಿತ್ತು! ಇನ್ನೊಬ್ಬರಾಗಿದ್ದರೆ ಮನೆಗೆ ಹೋಗಿ ಚಹಾ ಕುಡಿದು ಮರೆಯುತ್ತಿದ್ದರು. ಅವಳು ಬೇಕೆಂದೇ ಕಣ್ಣಾಡಿಸಿ ನೋಡಿದಳು, ಗೆಳೆಯರಿಗೆ ಮಾಡಿಸಿ ನೋಡಿದಳು, 1989ರಲ್ಲಿ 22 ಜನರ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿಯೇಬಿಟ್ಟಳು. ಒಂದೇ ಭೇಟಿಯಲ್ಲಿ ಅಷ್ಟೊಂದು ಗುಣ ಎಂಬ ಅವಳ ವರದಿ ಓದಿ ವಿದ್ವಾಂಸರು ಹುಬ್ಬು ಗಂಟಿಕ್ಕಿದರು. ಗಂಟಿಕ್ಕಬೇಕಾದ್ದೇ. ಆಮೇಲಿನ ಮೂರು ದಶಕ ಆ ಗಂಟು ಬಿಡಿಸುವುದರಲ್ಲೇ ಹೋಯಿತು. 2019ರಲ್ಲಿ ಅವಳು ತೀರಿಕೊಳ್ಳುವ ಹೊತ್ತಿಗೆ ಅವಳ ವಿಧಾನ ಖಂಡಗಳನ್ನು ದಾಟಿತ್ತು. 2001ರ ಜನವರಿ 26ರ ಭುಜ್ ಭೂಕಂಪದ ನಂತರ ಇದನ್ನು ಬಲ್ಲ ಸ್ವಯಂಸೇವಕರು ಗುಜರಾತಿಗೆ ಬಂದು ನಮ್ಮ ದೇಶದ ಚಿಕಿತ್ಸಕರಿಗೆ ಕಲಿಸಿದ್ದರು.

ಸರಿ, ಕೋಣೆಯೊಳಗೆ ಆಗುವುದಾದರೂ ಏನು? ಒಬ್ಬ ಟಂಟಂ ಚಾಲಕನನ್ನು ಊಹಿಸಿಕೊಳ್ಳಿ. ಪೂರ್ತಿ ನನ್ನ ಕಲ್ಪನೆಯವನು. ಕಮಲಾಪುರದಿಂದ ಕಲಬುರಗಿಗೆ ದಿನವೂ ಗಾಡಿ ಹೊಡೆಯುವವನು, ನಲವತ್ತರ ಆಸುಪಾಸು. ಅವನ ಕಣ್ಣೆದುರೇ ಒಂದು ಬೈಕು ಲಾರಿಗೆ ಸಿಕ್ಕಿತ್ತು. ಹುಡುಗನನ್ನು ಎತ್ತಿ ತನ್ನ ಗಾಡಿಯಲ್ಲೇ ಹಾಕಿಕೊಂಡು ಓಡಿದ್ದ. ಹುಡುಗ ಉಳಿಯಲಿಲ್ಲ. ಈಗ ಎರಡು ವರ್ಷವಾದರೂ ಆ ತಿರುವು ಬಂದರೆ ಇವನ ಕೈ ಬೆವರುತ್ತದೆ, ಸುತ್ತು ದಾರಿ ಹಿಡಿಯುತ್ತಾನೆ. ಮನೆಯವರು ತಾಯತ ಕಟ್ಟಿಸಿದ್ದಾರೆ, ಬಂದಾನವಾಜರ ದರ್ಗಾಕ್ಕೂ ಗಾಣಗಾಪುರಕ್ಕೂ ಕರೆದೊಯ್ದಿದ್ದಾರೆ. ಅದರಿಂದ ಸಿಗುವ ಸಮಾಧಾನ ಅವನದು, ಅದನ್ನು ಯಾವ ಒಳ್ಳೆಯ ಚಿಕಿತ್ಸಕರೂ ಕಿತ್ತುಕೊಳ್ಳುವುದಿಲ್ಲ.

ಮೊದಲ ದಿನ ಬೆರಳೂ ಇಲ್ಲ, ಕಣ್ಣೂ ಇಲ್ಲ! ಬರೀ ಮಾತು. ನಿದ್ದೆ ಹೇಗೆ, ಊಟ ಹೇಗೆ, ಮನೆಯಲ್ಲಿ ಯಾರ್‍ಯಾರು, ಕುಡಿತ ಉಂಟೇ, ಮೂರ್ಛೆ ರೋಗ ಇದೆಯೇ, ಕಣ್ಣಿನ ತೊಂದರೆ ಇದೆಯೇ, ಜೀವ ಬೇಡವೆನಿಸಿದೆಯೇ, ಯಾವ ಮಾತ್ರೆಗಳು ನಡೆದಿವೆ.

"ನಿದ್ದಿನೇ ಹತ್ತಲ್ದಂಗ ಆಗ್ಯದ್ರೀ ಮೇಡಂ. ಕಣ್ಣು ಮುಚ್ಚಿದ್ರ ಅದೇ ಬಂದು ನಿಂದರ್ತದ."

"ಆಯ್ತ್ರೀ ಅಣ್ಣಾ. ಪೂರಾ ಏನಾಯ್ತಂತ ಹೇಳ್ಲೇಬೇಕಂತ ಇಲ್ಲ. ಎಷ್ಟು ಹೇಳ್ಬೇಕನಿಸ್ತದ, ಅಷ್ಟೇ ಹೇಳ್ರಿ."

ಎರಡನೆಯ ಹಂತ ಸಿದ್ಧತೆ. ಇದಕ್ಕೆ ಕೆಲವರಿಗೆ ಒಂದು ಭೇಟಿ ಸಾಕು, ಬಾಲ್ಯದಿಂದ ಪೆಟ್ಟು ತಿಂದವರಿಗೆ ವಾರಗಳೇ ಹಿಡಿಯಬಹುದು. ಮನಸ್ಸು ತೀರಾ ಕದಡಿದರೆ ಹಿಂತಿರುಗಿ ಬಂದು ನಿಲ್ಲಲು ಒಂದು ನೆಮ್ಮದಿಯ ತಾಣವನ್ನು ಮೊದಲೇ ಕಲ್ಪಿಸಿಕೊಳ್ಳಲು ಹೇಳುತ್ತಾರೆ. ಒಬ್ಬರಿಗೆ ಅದು ಸಂಜೆಯ ಅಪ್ಪನ ಕೆರೆಯ ದಂಡೆ, ಇನ್ನೊಬ್ಬರಿಗೆ ಬುದ್ಧವಿಹಾರದ ತಣ್ಣನೆ ಹಾಸುಗಲ್ಲು. ನಮ್ಮ ಚಾಲಕನಿಗೆ ಮಾವನ ತೋಟದ ಬಾಳೆಗಿಡಗಳ ನೆರಳು ಎಂದಿಟ್ಟುಕೊಳ್ಳೋಣ. ಅಲ್ಲಿನ ತಂಪು, ಮಣ್ಣಿನ ವಾಸನೆ, ಎಲೆಯ ಸದ್ದು ಎಲ್ಲ ಮನಸ್ಸಿಗೆ ಬರಬೇಕು. ಜತೆಗೊಂದು ಕರಾರು: ಕೈ ಎತ್ತಿದರೆ ಎಲ್ಲವೂ ಅಲ್ಲಿಗೇ ನಿಲ್ಲುತ್ತದೆ. ಇದು ವಶೀಕರಣವಲ್ಲ, ಸಮ್ಮೋಹನವಲ್ಲ. ಲಗಾಮು ಕೊನೆಯವರೆಗೂ ಅವನ ಕೈಯಲ್ಲೇ.

ಆಮೇಲೆ ಅಳತೆ. ಹೌದು, ಅಂಜಿಕೆಯನ್ನು ಅಳೆಯುತ್ತಾರೆ! ಆ ಘಟನೆಯಲ್ಲಿ ಎಲ್ಲಕ್ಕಿಂತ ಕೆಟ್ಟ ಒಂದೇ ಒಂದು ಚಿತ್ರ ಯಾವುದು? ಅದನ್ನು ನೋಡುವಾಗ ನಿಮ್ಮ ಬಗ್ಗೆ ನಿಮಗೆ ಏನನಿಸುತ್ತದೆ? "ತಪ್ಪು ನಂದೇರೀ, ಇನ್ನಷ್ಟು ಜಲ್ದಿ ಒಯ್ಯಬೇಕಿತ್ತು." ಅದರ ಬದಲು ಏನನಿಸಿದರೆ ಚೆಂದ? ಇಲ್ಲಿ ಅವನು ಬಹಳ ಹೊತ್ತು ಸುಮ್ಮನಿರುತ್ತಾನೆ. "ನನ್ನ ಕೈಲಾಗೋದು ನಾ ಮಾಡೀನಿ." ಈ ಮಾತು ಈಗ ಎಷ್ಟು ನಿಜ ಅನ್ನಿಸುತ್ತದೆ, ಒಂದರಿಂದ ಏಳರೊಳಗೆ? ಎರಡು. ಸಂಕಟ ಎಷ್ಟು, ಸೊನ್ನೆಯಿಂದ ಹತ್ತರೊಳಗೆ? "ಹತ್ತಕ್ಕ ಹತ್ತ್ರೀ." ಮೈಯಲ್ಲಿ ಎಲ್ಲಿ? ಕೈ ತಾನಾಗಿ ಎದೆಯ ಮೇಲೆ ಹೋಗುತ್ತದೆ. (ಹಳೆಯ ತಲೆಮಾರಿನವರಿಗೆ ಈ ಹತ್ತರ ಲೆಕ್ಕಕ್ಕಿಂತ ರೂಪಾಯಿಗೆ ಎಷ್ಟಾಣೆ ಅಂಜಿಕೆ ಎಂದು ಕೇಳಿದರೆ ಥಟ್ಟನೆ ತಿಳಿದೀತು ಎಂದು ನನ್ನ ಊಹೆ. ಹದಿನಾರಾಣೆ ಎಂದರೆ ಅದಕ್ಕೆ ಮೇಲಿಲ್ಲ!)

ಈಗ ಬೆರಳು. ಕುರ್ಚಿಗಳು ಎದುರುಬದುರು ಇರುವುದಿಲ್ಲ, ಒಂದರ ಪಕ್ಕಕ್ಕೆ ಒಂದು ಸ್ವಲ್ಪ ಓರೆಯಾಗಿ ಇರುತ್ತವೆ. ಚಿಕಿತ್ಸಕರ ಕೈ ಅವನ ಕಣ್ಣಿನ ಮಟ್ಟದಲ್ಲಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಚುರುಕಾಗಿ ಓಡುತ್ತದೆ, ಸುಮಾರು ಇಪ್ಪತ್ತನಾಲ್ಕು ಸಲ. ಕೆಲವರು ದೀಪದ ಪಟ್ಟಿ ಬಳಸುತ್ತಾರೆ. ಕಣ್ಣು ಸೋತವರಿಗೆ ಎರಡು ಕೈಗಳ ಮೇಲೆ ಸರದಿಯಂತೆ ತಟ್ಟುವುದೋ ಕಿವಿಗೆ ಸರದಿಯಂತೆ ಸದ್ದು ಕೇಳಿಸುವುದೋ ಉಂಟು. ಕೈ ನಿಲ್ಲುತ್ತದೆ.

"ಉಸಿರು ತಗೊಳ್ರಿ. ಈಗ ಏನ್ ಬಂತ್ರೀ?"

"ಆ ಹುಡ್ಗನ ಚಪ್ಪಲಿ. ಒಂದೇ ಇತ್ತು."

"ಅದರ ಜೋಡಿನೇ ಹೋಗ್ರಿ."

ಮತ್ತೆ ಬೆರಳು. ಹೀಗೆ ಮಾಡುವಾಗ ಮನಸ್ಸು ಎಲ್ಲಿಗೆ ಹಾರುತ್ತದೆಂದು ಮೊದಲೇ ಹೇಳಲು ಯಾರಿಂದಲೂ ಆಗುವುದಿಲ್ಲ! ಚಪ್ಪಲಿಯಿಂದ ಲಾರಿಯ ಹಾರನ್ನಿಗೆ, ಅಲ್ಲಿಂದ ಇಪ್ಪತ್ತು ವರ್ಷದ ಹಿಂದೆ ತೀರಿದ ಅಪ್ಪನ ಮುಖಕ್ಕೆ, ಆಗಲೂ ತಾನು ತಡವಾಗಿ ಮುಟ್ಟಿದ್ದ ದಿನಕ್ಕೆ. ಅವನು ಅಳುತ್ತಾನೆ. ಎದೆ ಬಿಗಿಯುತ್ತದೆ, ಕೈ ನಡುಗುತ್ತದೆ, ನಡುನಡುವೆ ನಗುವೂ ಬರಬಹುದು. ಚಿಕಿತ್ಸಕರು ಸಮಾಧಾನದ ಭಾಷಣ ಮಾಡುವುದಿಲ್ಲ, ಅರ್ಥ ಬಿಡಿಸುವುದಿಲ್ಲ, ಕೇಳುವುದು ಒಂದೇ: ಈಗ ಏನು ಬಂತು? ಒಂದು ಹಂತದಲ್ಲಿ ಅವನೇ ಅನ್ನುತ್ತಾನೆ, "ಮೇಡಂ, ಆ ಹುಡ್ಗ ನನ್ನ ತೊಡಿ ಮ್ಯಾಲ ತಲಿ ಇಟ್ಟಿದ್ದ. ಒಬ್ಬನೇ ಸಾಯ್ಲಿಲ್ಲ ಅಂವ." ಯಾರೂ ಹೇಳಿಕೊಟ್ಟ ಮಾತಲ್ಲ ಇದು. ಈ ಚಿಕಿತ್ಸೆಯನ್ನು ಕುರಿತು ಓದುವಾಗ ನನ್ನನ್ನು ಮತ್ತೆ ಮತ್ತೆ ಬೆರಗಾಗಿಸಿದ್ದು ಈ ಸಂಗತಿಯೇ. ಬೇರೆಯವರು ನೂರು ಸಲ ಹೇಳಿದರೂ ಒಳಗಿಳಿಯದ ಮಾತು ಒಳಗಿಂದಲೇ ಎದ್ದುಬರುತ್ತದೆ.

ಹತ್ತು ಇದ್ದದ್ದು ಏಳಾಗುತ್ತದೆ, ನಾಲ್ಕಾಗುತ್ತದೆ. ಎಲ್ಲರಿಗೂ ಒಂದೇ ದಿನದಲ್ಲಿ ಸೊನ್ನೆಗೆ ಇಳಿಯುವುದಿಲ್ಲ. ಇಳಿದ ಮೇಲೆ ಆ ಒಳ್ಳೆಯ ಮಾತನ್ನು, ಕೈಲಾದದ್ದು ಮಾಡೀನಿ ಎಂಬುದನ್ನು, ಹಳೆಯ ಚಿತ್ರದ ಜತೆಯಲ್ಲೇ ಮನಸ್ಸಿನಲ್ಲಿಟ್ಟು ಮತ್ತೆ ಕಣ್ಣಾಡಿಸುತ್ತಾರೆ, ಅದು ಗಟ್ಟಿಯಾಗಲೆಂದು. ಆಮೇಲೆ ತಲೆಯಿಂದ ಕಾಲಿನವರೆಗೆ ಮೈಯನ್ನು ಒಳಗಿನಿಂದಲೇ ಗಮನಿಸುವುದು, ಬಿಗಿತ ಇನ್ನೂ ಎಲ್ಲಾದರೂ ಅಡಗಿದೆಯೇ ಎಂದು. ಮುಗಿಸುವ ಮುಂಚೆ ಬಾಳೆತೋಟದ ನೆರಳಿಗೆ ಒಮ್ಮೆ ಹೋಗಿ ಬರುವುದು. ಮುಂದಿನ ವಾರ ಬಂದಾಗ ಮತ್ತೆ ಅಳತೆ. ಒಂದೇ ಅಪಘಾತ, ಒಂದೇ ಘಟನೆಯಾದರೆ ಸಾಮಾನ್ಯವಾಗಿ ಆರರಿಂದ ಹನ್ನೆರಡು ಭೇಟಿ. ಪೆಟ್ಟುಗಳು ಒಂದರ ಮೇಲೊಂದು ಬಿದ್ದಿದ್ದರೆ ಅದಕ್ಕಿಂತ ಹೆಚ್ಚು.

ಆದರೆ ಯಾಕೆ? ಕಣ್ಣಿಗೂ ಎದೆಯ ಭಾರಕ್ಕೂ ಎತ್ತಣಿಂದೆತ್ತ ಸಂಬಂಧ?

ಬಹುಕಾಲ ವಿಜ್ಞಾನಿಗಳೇ ನಂಬಿದ್ದರು, ಒಮ್ಮೆ ಗಟ್ಟಿಯಾಗಿ ಕೂತ ನೆನಪು ಕಲ್ಲಿನ ಬರಹವೆಂದು. 2000ದಲ್ಲಿ ಕರೀಮ್ ನಾದರ್, ಜೋಸೆಫ್ ಲೆಡೂ ಮತ್ತು ಸಂಗಡಿಗರು ಇಲಿಗಳ ಮೇಲೆ ಮಾಡಿದ ಪ್ರಯೋಗ ಆ ನಂಬಿಕೆಯನ್ನೇ ಬುಡಮೇಲು ಮಾಡಿತು. ಹೆದರಿಕೆಯ ಹಳೆಯ ನೆನಪನ್ನು ಮರಳಿ ಕೆದಕಿದಾಗ ಅದು ಕೆಲಹೊತ್ತು ಮೆತ್ತಗಾಗುತ್ತದೆ, ಮತ್ತೆ ಹೊಸದಾಗಿ ಗಟ್ಟಿಯಾಗಬೇಕಾಗುತ್ತದೆ! ಆ ಮೆತ್ತಗಿನ ಹೊತ್ತಿನಲ್ಲಿ ಮಿದುಳಿನಲ್ಲಿ ಹೊಸ ಪ್ರೋಟೀನ್ ತಯಾರಾಗದಂತೆ ತಡೆದರೆ ಇಲಿಯ ಹೆದರಿಕೆಯೇ ಮಾಯ. ನೆನೆಯುವುದೆಂದರೆ ಪೆಟ್ಟಿಗೆಯಿಂದ ಹಳೆಯ ಫೋಟೋ ತೆಗೆದು ನೋಡಿ ಮತ್ತೆ ಇಡುವುದಲ್ಲ. ಎಷ್ಟೋ ಸಲ ಅದನ್ನು ಮತ್ತೆ ಹೊಸದಾಗಿ ಬರೆಯುತ್ತೇವೆ.

ಇದಕ್ಕೆ ಇನ್ನೊಂದು ಎಳೆ ಸೇರಿಸಿ. ಈ ಕ್ಷಣದಲ್ಲಿ ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡದ್ದಕ್ಕೆ ಮನಶ್ಶಾಸ್ತ್ರಜ್ಞರು ಕೆಲಸದ ನೆನಪು ಎನ್ನುತ್ತಾರೆ. ಅದರಲ್ಲಿ ಜಾಗ ಬಲು ಕಡಿಮೆ. ನಮ್ಮ ಟಂಟಂನ ಹಾಗೆ, ಇನ್ನೂ ಇಬ್ಬರು ಹತ್ರಿ, ಸರೀರಿ ಎಂದರೆ ಇಲ್ಲಿ ನಡೆಯುವುದಿಲ್ಲ, ಸೀಟು ಎಷ್ಟೋ ಜನ ಅಷ್ಟೇ! ಓಡುವ ಬೆರಳನ್ನು ಹಿಂಬಾಲಿಸುವ ಕೆಲಸ ಅರ್ಧ ಜಾಗ ಹಿಡಿದರೆ ಆ ಭೀಕರ ಚಿತ್ರಕ್ಕೆ ಉಳಿಯುವುದು ಇನ್ನರ್ಧ. ಚಿತ್ರ ಪೂರ್ತಿ ಕೂರಲಾರದೆ ಮಸುಕಾಗುತ್ತದೆ, ಮೆತ್ತಗಾಗಿದ್ದ ನೆನಪು ಆ ಮಸುಕು ರೂಪದಲ್ಲೇ ಮತ್ತೆ ಗಟ್ಟಿಯಾಗುತ್ತದೆ. ಆಂಡ್ರೇಡ್, ಕವನಾ, ಬ್ಯಾಡ್‌ಲೀ ಎಂಬ ಸಂಶೋಧಕರು 1997ರಲ್ಲಿ ಕಣ್ಣಾಡಿಸುತ್ತ ನೆನೆದ ಚಿತ್ರಗಳ ಕಾವು ಇಳಿಯುವುದನ್ನು ತೋರಿಸಿದರು. ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಮಾರ್ಸೆಲ್ ವಾನ್ ಡೆನ್ ಹೌಟ್ ತಂಡ ವರ್ಷಗಟ್ಟಲೆ ಇದರ ಹಿಂದೆಯೇ ಬಿತ್ತು. ಮೇಲೆ ಕೆಳಗೆ ಕಣ್ಣಾಡಿಸಿದರೂ ಫಲ ಸಿಗುತ್ತದೆ ಎಂಬುದೂ ಪ್ರಯೋಗಗಳಲ್ಲಿ ಕಂಡಿದೆ. ಹಾಗಾದರೆ ಎಡ ಮಿದುಳು ಬಲ ಮಿದುಳಿನೊಡನೆ ಮಾತಾಡುತ್ತದೆ ಎಂದು ಕೆಲವರು ಹೇಳುವ ಸೊಗಸಾದ ಕಥೆ ಬಹುಶಃ ಬರೀ ಕಥೆಯೇ.

ಆಕ್ಸ್‌ಫರ್ಡ್‌ನ ಆಸ್ಪತ್ರೆಯೊಂದರಲ್ಲಿ ನಡೆದದ್ದು ಇನ್ನೂ ಸೋಜಿಗ. ರಸ್ತೆ ಅಪಘಾತವಾಗಿ ತುರ್ತು ವಿಭಾಗಕ್ಕೆ ಬಂದ 71 ಜನರಲ್ಲಿ ಅರ್ಧ ಜನರಿಗೆ, ಆದದ್ದನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ ಎಂದು ಹೇಳಿ, ಕೈಗೊಂದು ವಿಡಿಯೋ ಆಟ ಕೊಟ್ಟರು. ಮೇಲಿಂದ ಬೀಳುವ ಬಣ್ಣದ ತುಂಡುಗಳನ್ನು ಜೋಡಿಸುವ ಟೆಟ್ರಿಸ್! ಮುಂದಿನ ಒಂದು ವಾರದಲ್ಲಿ ಆಟ ಆಡಿದವರಿಗೆ ಅಪಘಾತದ ಚಿತ್ರಗಳು ಕರೆಯದೆ ನುಗ್ಗಿ ಬಂದದ್ದು ಉಳಿದವರಿಗಿಂತ 62 ಪ್ರತಿಶತ ಕಡಿಮೆ. ಎಮಿಲಿ ಹೋಮ್ಸ್ ಮತ್ತು ಸಂಗಡಿಗರ ಕೆಲಸವಿದು. ಇದು ಇಎಂಡಿಆರ್ ಅಲ್ಲ, ಅದರ ದಾಯಾದಿ. ಕಣ್ಣಿಗೂ ಮನಸ್ಸಿಗೂ ಒಟ್ಟಿಗೆ ಕೆಲಸ ಕೊಟ್ಟರೆ ನೆನಪಿನ ಹಿಡಿತ ಸಡಿಲವಾಗುತ್ತದೆ ಎಂಬ ಅದೇ ಗುಟ್ಟು ಎರಡರಲ್ಲೂ.

ಗುಟ್ಟು ಇಷ್ಟೇ ಎಂದು ಬಾಗಿಲು ಹಾಕುವ ಹಾಗೂ ಇಲ್ಲ. 1953ರಲ್ಲಿ ಷಿಕಾಗೊದ ಅಸೆರಿನ್‌ಸ್ಕಿ, ಕ್ಲೈಟ್‌ಮನ್ ಜೋಡಿ ಜಗತ್ತಿಗೆ ತಿಳಿಸಿತು, ಕನಸು ಕಾಣುವ ನಿದ್ದೆಯಲ್ಲಿ ಮುಚ್ಚಿದ ರೆಪ್ಪೆಯೊಳಗೆ ನಮ್ಮೆಲ್ಲರ ಕಣ್ಣು ಅತ್ತಿತ್ತ ಓಡುತ್ತಿರುತ್ತದೆ ಎಂದು. ಅಸೆರಿನ್‌ಸ್ಕಿ ಮೊದಮೊದಲು ಕಣ್ಣಿನ ಬಳಿ ತಂತಿ ಅಂಟಿಸಿ ನೋಡಿದ್ದು ತನ್ನ ಮಗನಿಗೇ! ದಿನದ ಅನುಭವಗಳನ್ನು ಹಸನು ಮಾಡಿ ಜೋಡಿಸಿಡುವ ಆ ನಿದ್ದೆಯ ಕೆಲಸವನ್ನೇ ಈ ಚಿಕಿತ್ಸೆ ಎಚ್ಚರದಲ್ಲಿ ಮಾಡಿಸುತ್ತದೆಯೇನೋ ಎಂದು ರಾಬರ್ಟ್ ಸ್ಟಿಕ್‌ಗೋಲ್ಡ್ 2002ರಲ್ಲಿ ಊಹಿಸಿದರು. ಇನ್ನೂ ಊಹೆಯೇ ಅದು. 2019ರಲ್ಲಿ ದಕ್ಷಿಣ ಕೊರಿಯಾದ ವಿಜ್ಞಾನಿಗಳು, ಹೆದರಿಕೆ ಕಲಿಸಿದ ಇಲಿಗಳ ಕಣ್ಣೆದುರು ಬೆಳಕನ್ನು ಎಡಬಲ ಓಡಿಸಿ, ಅವುಗಳ ಹೆದರಿಕೆ ಇಳಿದು ಮತ್ತೆ ಮರುಕಳಿಸದೆ ಉಳಿದದ್ದನ್ನು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಕಣ್ಣಿನ ಚಲನೆಯನ್ನು ನೋಡಿಕೊಳ್ಳುವ ಮಿದುಳಿನ ಒಂದು ಭಾಗದಿಂದ ಭಯದ ಕೇಂದ್ರವಾದ ಅಮಿಗ್ಡಲಾವರೆಗೆ ದಾರಿಯೊಂದು ಇದೆ, ಆ ದಾರಿ ಎಚ್ಚೆತ್ತರೆ ಭಯಕ್ಕೆ ಕಡಿವಾಣ ಬೀಳುತ್ತದೆ! ಇಲಿಗೆ ಧೈರ್ಯ ಹೇಳುವವರಿಲ್ಲ, ನಂಬಿಕೆಯ ಬಲವೂ ಇಲ್ಲ. ಬರೀ ಓಡುವ ಬೆಳಕು.

ಇಷ್ಟಾದರೂ ತಕರಾರು ನಿಂತಿಲ್ಲ, ನಿಲ್ಲಬಾರದು ಕೂಡ. ಹಾರ್ವರ್ಡ್‌ನ ರಿಚರ್ಡ್ ಮೆಕ್‌ನಾಲಿಯಂಥವರ ವಾದ ಸರಳ: ಇದರಲ್ಲಿ ಕೆಲಸ ಮಾಡುವುದು ನೆನಪನ್ನು ಎದುರಿಸುವ ಹಳೆಯ ವಿಧಾನವೇ, ಬೆರಳಾಟ ಬರೀ ಅಲಂಕಾರ. 2001ರಲ್ಲಿ ಬಂದ ಒಂದು ಒಟ್ಟು ವಿಶ್ಲೇಷಣೆ ಕಣ್ಣಿನ ಚಲನೆಯಿಂದ ಹೆಚ್ಚುವರಿ ಲಾಭ ಕಾಣಲಿಲ್ಲ ಎಂದಿತು, 2013ರಲ್ಲಿ ಬಂದ ಇನ್ನೊಂದು ಲಾಭ ಇದೆ ಎಂದಿತು. ಆಘಾತಕ್ಕಾಗಿಯೇ ರೂಪಿಸಿದ ಅರಿವು-ನಡವಳಿಕೆ ಚಿಕಿತ್ಸೆಗಿಂತ ಇದು ಮೇಲು ಎನ್ನಲು ಗಟ್ಟಿ ಆಧಾರವಿಲ್ಲ, ಎರಡೂ ಹೆಚ್ಚುಕಡಿಮೆ ಸರಿಸಮ. ನನಗೆ ತೋರುವುದು ಇಷ್ಟು: ವಿವರ ಹೇಳಲು ಬಾಯಿ ಬರುವವರಿಗೆ ಯಾವುದಾದರೂ ನಡೆದೀತು, ಬಾಯಿ ಬಾರದವರಿಗೆ ಇದೇ ಹತ್ತಿರದ ದಾರಿ. ಖಿನ್ನತೆ, ಗೀಳು, ನೋವು, ಎಲ್ಲಕ್ಕೂ ಇದೇ ಮದ್ದು ಎನ್ನುವವರೂ ಇದ್ದಾರೆ. ಅವರಿಂದ ಮಾರು ದೂರ ಇರುವುದು ಲೇಸು.

ಮೊದಲ ಭೇಟಿಗಳ ನಂತರ ಏನಾದೀತು ಎಂಬುದು ತಿಳಿದಿರಲಿ, ಇಲ್ಲದಿದ್ದರೆ ಅರ್ಧಕ್ಕೇ ಬಿಟ್ಟು ಓಡುತ್ತೀರಿ. ಮೈ ಸೋತು ಬಿದ್ದ ಹಾಗಾಗಬಹುದು, ತಲೆ ಭಾರವಾಗಬಹುದು. ಕನಸುಗಳು ಗಾಢವಾಗುತ್ತವೆ. ಮರೆತೇ ಹೋಗಿದ್ದ ಹಳೆಯ ಸಂಗತಿಗಳು ಅಡುಗೆ ಮಾಡುವಾಗಲೋ ಬಸ್ಸಿನಲ್ಲೋ ಎದ್ದು ಬರುತ್ತವೆ. ಒಂದೆರಡು ದಿನ ಸಂಕಟ ಕಡಿಮೆಯಾಗುವ ಬದಲು ಹೆಚ್ಚಿದಂತೆಯೂ ಅನಿಸಬಹುದು. ಬಂದದ್ದನ್ನು ಒಂದು ಚೀಟಿಯಲ್ಲಿ ಗುರುತು ಹಾಕಿಕೊಂಡರೆ ಮುಂದಿನ ಭೇಟಿಗೆ ಸಾಕು. ಕಮಲಾಪುರದಿಂದ ಬಂದವರು ಭೇಟಿ ಮುಗಿದ ಕೂಡಲೇ ಬೈಕ್ ಹತ್ತದೆ, ಸ್ವಲ್ಪ ಹೊತ್ತು ಕೂತು, ಒಂದು ಕಪ್ ಚಹಾ ಕುಡಿದು, ಸಾಧ್ಯವಾದರೆ ಬಸ್ಸಿನಲ್ಲೇ ಹೋಗುವುದು ಒಳ್ಳೆಯದು. ಯೂಟ್ಯೂಬಿನಲ್ಲಿ ಎಡಬಲ ಓಡುವ ಚುಕ್ಕಿಗಳ ವಿಡಿಯೋ ಬೇಕಾದಷ್ಟು ಸಿಗುತ್ತವೆ. ಅವುಗಳ ಮುಂದೆ ಒಬ್ಬರೇ ಕೂತು ಭಾರಿ ಆಘಾತವನ್ನು ಕೆದಕಬೇಡಿ. ಒಳಗಿರುವುದನ್ನು ಎಬ್ಬಿಸುವುದು ಸುಲಭ, ಸಂಭಾಳಿಸಲು ಪಕ್ಕದಲ್ಲಿ ಬಲ್ಲವರು ಬೇಕು. ಎರಡು ಕೈ ಎದೆಯ ಮೇಲೆ ಅಡ್ಡ ಇಟ್ಟು ಹೆಗಲನ್ನು ಸರದಿಯಂತೆ ಮೆಲ್ಲಗೆ ತಟ್ಟಿಕೊಳ್ಳುವ ಚಿಟ್ಟೆ ಅಪ್ಪುಗೆ ಎಂಬ ಒಂದು ರೂಪವಿದೆ. 1997ರ ಪಾಲೀನ್ ಚಂಡಮಾರುತದ ನಂತರ ಮೆಕ್ಸಿಕೊದ ಅಕಾಪುಲ್ಕೊದಲ್ಲಿ ಮಕ್ಕಳಿಗೆಂದು ಲುಸಿನಾ ಆರ್ಟಿಗಾಸ್ ರೂಪಿಸಿದ್ದು. ಅದನ್ನೂ ಮೊದಲು ಬಲ್ಲವರ ಎದುರಲ್ಲೇ ಕಲಿಯಿರಿ.

ಹಾಗಾದರೆ ಎಲ್ಲಿಗೆ ಹೋಗುವುದು? ಮನೋವೈದ್ಯ ಸೇವೆಯನ್ನು ಹಳ್ಳಿಯ ಹತ್ತಿರಕ್ಕೆ ಒಯ್ಯಬಹುದೆಂದು ದೇಶಕ್ಕೆ ತೋರಿಸಿದ್ದು ಇದೇ ಕಲ್ಯಾಣ ಕರ್ನಾಟಕ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ಮುಂದೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು! ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಗೊತ್ತಾದ ದಿನ ಬರುವ ಮನೋಚೈತನ್ಯ ಕಾರ್ಯಕ್ರಮ ರಾಜ್ಯದಲ್ಲಿದೆ. ಕಲಬುರಗಿ ನಗರದಲ್ಲಿ ಜಿಮ್ಸ್ ಸೇರಿದಂತೆ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗವಿದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಮೊದಲು ಮನೋವೈದ್ಯರನ್ನು ಕಂಡು ಇದು ನಿಜಕ್ಕೂ ಆಘಾತದ ತೊಂದರೆಯೇ ಎಂದು ಗೊತ್ತುಮಾಡಿಕೊಳ್ಳಿ. ಆಮೇಲೆ ಇಎಂಡಿಆರ್ ತರಬೇತಿ ಪಡೆದವರ ಬಳಿಗೆ ಕಳಿಸಿ ಎಂದು ಕೇಳಿ. ಕಳಿಸಿದಲ್ಲಿ ಅವರ ಓದು, ಅವರ ತರಬೇತಿ, ಎಷ್ಟು ಜನಕ್ಕೆ ಮಾಡಿದ್ದಾರೆ, ಕನ್ನಡದಲ್ಲಿ ಮಾತಾಡುತ್ತಾರೆಯೇ ಎಂದು ಕೇಳಲು ಸಂಕೋಚ ಬೇಡ. ಮೊದಲ ದಿನವೇ ಏನೂ ವಿಚಾರಿಸದೆ ಬೆರಳಾಡಿಸಲು ಶುರು ಮಾಡಿದರೆ ಎದ್ದು ಬನ್ನಿ.

ಕಮಲಾಪುರದಿಂದ ಬಸ್ಸು ಹತ್ತುವ ಮೊದಲೇ ಮಾಡಬಹುದಾದದ್ದು ಒಂದಿದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ದಿನದ ಇಪ್ಪತ್ನಾಲ್ಕು ತಾಸೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಮ್ಮ ಟಂಟಂ ಚಾಲಕ ಅಲ್ಲಿ ಕೇಳಬೇಕಾದ್ದೂ ಬಹಳವಿಲ್ಲ. "ಏನಾಯ್ತಂತ ನನಗ ಹೇಳ್ಲಿಕ್ಕಿ ಆಗಲ್ರೀ. ಹೇಳದೇ ಇಲಾಜ್ ಆಗ್ತದೇನ್ರೀ?" ಇಎಂಡಿಆರ್ ಕಲಿತವರು ಇದಕ್ಕೆ ಕೊಡುವ ಉತ್ತರ ಒಂದೇ: ಆಗ್ತದ, ಬರ್ರಿ.